ಹೊಗೆಗೂ ಆಯಸ್ಸಿಗೂ ಇರುವ ಲೆಕ್ಕ

ನಿಮ್ಮ ಮಾವನವರು ದಿನವೂ ಮುಖ್ಯರಸ್ತೆಯ ಹೊಗೆಯಲ್ಲೇ ನಡೆದು ಎಂಬತ್ತು ದಾಟಿದ್ದಾರೆ, ಹಾಗಾದರೆ ಹೊಗೆ ಆಯಸ್ಸು ತಗ್ಗಿಸುತ್ತದೆಂಬ ಭಯವೆಲ್ಲ ಸುಳ್ಳೇ ಎಂದು ಕೇಳಿದ್ದೀರಿ. ಒಬ್ಬರ ಆಯಸ್ಸಿನಿಂದ ಗಾಳಿಯನ್ನು ಅಳೆಯಲಾಗದು. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಬೇಕು. ಹಾರ್ವರ್ಡ್ ಸಂಶೋಧಕರು ಅಮೆರಿಕದ ಆರು ಊರುಗಳ 8,111 ವಯಸ್ಕರ ಮೇಲೆ 14ರಿಂದ 16 ವರ್ಷ ಕಣ್ಣಿಟ್ಟು, 1993ರಲ್ಲಿ ಫಲಿತಾಂಶ ಪ್ರಕಟಿಸಿದರು: ಗಾಳಿ ತೀರಾ ಕೆಟ್ಟಿದ್ದ ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಶುಭ್ರ ಗಾಳಿಯ ಪೋರ್ಟೇಜ್‌ಗಿಂತ ಶೇ 26ರಷ್ಟು ಹೆಚ್ಚು. ಅಲ್ಲಿನವರು ಸಿಗರೇಟು ಜಾಸ್ತಿ ಸೇದುತ್ತಿದ್ದಿರಬಹುದಲ್ಲ? ನ್ಯಾಯವಾದ ಆಕ್ಷೇಪವೇ. ಆದರೆ ಧೂಮಪಾನ, ಓದು, ಮೈತೂಕ ಇವುಗಳ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಉಳಿದ ಅಂತರವದು. ಬೇರೊಂದು ತಂಡ ಅದೇ ದತ್ತಾಂಶವನ್ನು ಮತ್ತೆ ಜಾಲಾಡಿ 2000ದಲ್ಲಿ ವರದಿ ಕೊಟ್ಟಾಗಲೂ ತೀರ್ಮಾನ ಅಲುಗಲಿಲ್ಲ. ಕೆಟ್ಟ ಗಾಳಿಯ ಪೆಟ್ಟು ಶ್ವಾಸಕೋಶಕ್ಕಷ್ಟೇ ಅಲ್ಲ, ಹೃದಯಕ್ಕೂ. ಹಾಗೆಂದು ಮಾವನವರ ನಡಿಗೆ ನಿಲ್ಲಿಸಬೇಡಿ; ರಸ್ತೆ ಬದಲಿಸಲು ಹೇಳಿ.