ಮೊದಲು ಬೆರಳು, ಆಮೇಲೆ ಸೂಜಿ

ತಮ್ಮಾ, ಹಲಗೇರಿಯಿಂದ ರಾಣೆಬೆನ್ನೂರಿಗೆ ನೀನು ಬೈಕ್ ಹೊಡೆಯುವ ಪರಿ ನಾನು ನೋಡಿದ್ದೇನೆ. ಆ ಅವಸರವನ್ನು ಐಸಿಯು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗು. ನಿನ್ನ ಕೈ ಚುರುಕು, ಒಪ್ಪಿದೆ. ಕೊರಳಿನ ಸಿರೆಗೆ ಸೆಂಟ್ರಲ್ ಲೈನ್ ಹಾಕಲು ಅಷ್ಟೇ ಸಾಲದು. ಕೊರಳೊಳಗೆ ಯಾವುದರ ಪಕ್ಕ ಯಾವುದಿದೆ ಎಂಬುದು ಆ ಕೈಗೆ ಗೊತ್ತಿರಬೇಕು.

ನಮ್ಮ ಕಾಲಕ್ಕೆ ಹೆಣ ಕೊಯ್ದು ಕಲಿಯಲು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕಿತ್ತು. ಈಗ, 2022ರಿಂದ, ಹಾವೇರಿಯಲ್ಲೇ ಮೆಡಿಕಲ್ ಕಾಲೇಜಿದೆ. ಮೊದಲ ವರ್ಷ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆತೆಯಲ್ಲ, ಆ ಅನಾಟಮಿಯೇ ಈಗ ನಿನ್ನ ಕೈ ಹಿಡಿಯುವುದು.

ಬ್ಯಾಡಗಿ ಕಡೆಯ ರೈತನೊಬ್ಬ ಸೋಂಕು ರಕ್ತಕ್ಕೇರಿ ಬಿಪಿ ಬಿದ್ದು ಬಂದಿದ್ದಾನೆ ಎನ್ನು. ಬಿಪಿ ಏರಿಸಲು ಕೊಡುವ ನಾರ್‌ಅಡ್ರಿನಲಿನ್ ಕೈಯ ಸಣ್ಣ ರಕ್ತನಾಳದಿಂದ ಸೋರಿದರೆ ಚರ್ಮ ಕೊಳೆಯಬಹುದು. ಅದಕ್ಕೇ ಕೊರಳು. ಬಲಗಡೆಯನ್ನೇ ಮೊದಲು ನೋಡು. ಅಲ್ಲಿಂದ ಹೃದಯಕ್ಕೆ ದಾರಿ ನೆಟ್ಟಗಿದೆ. ಎಡಗಡೆ ಥೊರಾಸಿಕ್ ಡಕ್ಟ್ ಇದೆ, ಶ್ವಾಸಕೋಶದ ಹೊದಿಕೆಯ ತುದಿಯೂ ತುಸು ಎತ್ತರ. ಕಿವಿಯ ಹಿಂದಿನಿಂದ ಇಳಿದ ಸ್ನಾಯು ಕೆಳಗೆ ಎರಡು ಕವಲಾಗುತ್ತದೆ. ಆ ಕವಲು ಮತ್ತು ಕಾಲರ್ ಬೋನ್ ನಡುವಿನ ತ್ರಿಕೋನವನ್ನು ಬೆರಳಿನಿಂದ ಹುಡುಕು. ಕೆರಾಟಿಡ್ ಧಮನಿಯ ಮಿಡಿತ ಒಳಬದಿಗೆ, ನೀನು ಹುಡುಕುವ ಜುಗುಲಾರ್ ಸಿರೆ ಸಾಮಾನ್ಯವಾಗಿ ಅದರ ಹೊರಬದಿಗೆ.

ನಿಮ್ಮ ವಯಸ್ಸಿನವರದೊಂದು ಚಾಳಿ: ಜಾಗ ಚೆನ್ನಾಗಿ ಕಾಣಲೆಂದು ರೋಗಿಯ ಕತ್ತನ್ನು ಪೂರ್ತಿ ಹೊರಳಿಸಿಬಿಡುತ್ತೀರಿ. ಹೊರಳಿಸಿದಷ್ಟೂ ಸಿರೆ ಜಾರಿ ಕೆರಾಟಿಡ್ ಮೇಲೇ ಕೂರುತ್ತದೆ. ಆಮೇಲೆ ಸಿರೆ ದಾಟಿದ ಸೂಜಿ ಎಲ್ಲಿಗೆ ಹೋದೀತು, ನೀನೇ ಹೇಳು. ಸ್ವಲ್ಪವೇ ಹೊರಳಿಸು. ಮಂಚದ ತಲೆಗಡೆ 15 ಡಿಗ್ರಿಯಷ್ಟು ತಗ್ಗಿಸು, ಸಿರೆ ಉಬ್ಬಿ ಸಿಗುತ್ತದೆ.

ಅಲ್ಟ್ರಾಸೌಂಡ್ ಇದ್ದರೆ ಖಂಡಿತ ಹಿಡಿ. ಎಲ್ಲರ ಕೊರಳೂ ಪುಸ್ತಕದಂತೆ ಇರುವುದಿಲ್ಲ. ಒತ್ತಿದರೆ ಚಪ್ಪಟೆಯಾಗುವುದು ಸಿರೆ, ಒತ್ತಿದರೂ ಮಿಡಿಯುವುದು ಧಮನಿ. ರಕ್ತದ ಬಣ್ಣವನ್ನು ಮಾತ್ರ ನಂಬಬೇಡ. ಬಿಪಿ ಬಿದ್ದು, ಆಕ್ಸಿಜನ್ ಕಡಿಮೆಯಾದವರಲ್ಲಿ ಧಮನಿಯ ರಕ್ತವೂ ಕಪ್ಪಗೆ, ಮೆಲ್ಲಗೆ ಬರಬಹುದು. ಡೈಲೇಟರ್ ತೂರಿಸುವ ಮುಂಚೆ, ಸೂಜಿಯೊಳಗಿಂದ ಇಳಿಸಿದ ವೈರ್ ಸಿರೆಯಲ್ಲೇ ಇದೆಯೆಂದು ಪರದೆಯಲ್ಲಿ ನೋಡಿ ಖಾತ್ರಿ ಮಾಡಿಕೋ. ವೈರಿನ ಹೊರತುದಿ ಬೆರಳಿನಿಂದ ಬಿಡಲೇಬೇಡ. ಮಾನಿಟರಿನಲ್ಲಿ ಹೃದಯದ ಲಯ ತಪ್ಪಿದರೆ ವೈರ್ ಒಳಗೆ ಹೆಚ್ಚಾಯಿತೆಂದೇ ತಿಳಿ, ಹಿಂದಕ್ಕೆ ಎಳೆ. ಎರಡು ಸಲ ಚುಚ್ಚಿಯೂ ಸಿಗದಿದ್ದರೆ ಹಿರಿಯರನ್ನು ಕರೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಾಕುವಾಗಿನ ಎಚ್ಚರ ತೆಗೆಯುವಾಗಲೂ ಇರಲಿ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಟ್ಯೂಬ್ ಎಳೆಯಬೇಡ, ಗಾಳಿ ಒಳಗೆ ಹೋದೀತು. ಮಲಗಿಸು, ತಲೆ ತಗ್ಗಿಸು, ತೆಗೆದ ಜಾಗವನ್ನು ಒತ್ತಿ ಹಿಡಿದು ಗಾಳಿ ಆಡದಂತೆ ಪಟ್ಟಿ ಹಾಕು.