ಮಳೆಗಾಲದಲ್ಲಿ ಕ್ಯಾಮೆರಾ: ಸಿಲಿಕಾ ಜೆಲ್‌ಗಿಂತ ಮೊದಲು ಮುಚ್ಚಳ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೆ, ಪುಸ್ತಕಕ್ಕೆ, ಚಪ್ಪಲಿಗೆ ಹಿಡಿಯುವ ಬೂಷ್ಟು ಲೆನ್ಸಿನೊಳಗೂ ಬೆಳೆಯುತ್ತದೆ. ಗಾಳಿಯ ತೇವಾಂಶ ಶೇ 60-65 ದಾಟಿ ದಿನಗಟ್ಟಲೆ ನಿಂತರೆ ಅದಕ್ಕೆ ಅಷ್ಟೇ ಸಾಕು. ಇಲ್ಲಿನ ಮಳೆಗಾಲದಲ್ಲಿ ಮನೆಯೊಳಗೇ ಶೇ 80 ದಾಟುವುದು ಸಾಮಾನ್ಯ. ಮೊದಲು ಸಣ್ಣ ಬಿಳಿ ಎಳೆಗಳಾಗಿ ಹಬ್ಬಿ, ಆಮೇಲೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ. ಇದು ಗೊತ್ತಿದ್ದೂ ಬಹಳಷ್ಟು ಮಂದಿ ಕ್ಯಾಮೆರಾ ಬ್ಯಾಗಿನಲ್ಲಿ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜಿಪ್ ಎಳೆದು, ಬೀರುವಿನಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ತಪ್ಪಾಗುವುದು ಇಲ್ಲೇ.

ಲೆಕ್ಕ ಹಾಕಿ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿದೀತು. ಅಂದರೆ 20 ಲೀಟರಿನ ಡಬ್ಬಿಯ ಗಾಳಿಯಲ್ಲಿ ಅರ್ಧ ಗ್ರಾಂ ನೀರೂ ಇರುವುದಿಲ್ಲ. ಚೆನ್ನಾಗಿ ಒಣಗಿದ 100 ಗ್ರಾಂ ಸಿಲಿಕಾ ಜೆಲ್ ಸುಮಾರು 20 ಗ್ರಾಂ ನೀರು ಹೀರಬಲ್ಲದು. ಹಾಗಾಗಿ ಮುಚ್ಚಳ ಬಿಗಿಯಾಗಿದ್ದರೆ ಸ್ವಲ್ಪ ಜೆಲ್ ವಾರಗಟ್ಟಲೆ ಬರುತ್ತದೆ. ಗಾಳಿಯಾಡುವ ಬ್ಯಾಗಿನಲ್ಲಿ ಅದು ಇಡೀ ಕೋಣೆಯನ್ನು ಒಣಗಿಸಲು ಹೆಣಗುತ್ತಿರುತ್ತದೆ. ಐದು ಗ್ರಾಂ ಪೊಟ್ಟಣದ ಶಕ್ತಿ ಒಂದು ಗ್ರಾಂ ನೀರಿಗೇ ಮುಗಿಯಿತು. ಆಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಾಲದ್ದಕ್ಕೆ ಬ್ಯಾಗಿನ ಸ್ಪಂಜು, ಬಟ್ಟೆ, ಚರ್ಮದ ಕೇಸು ತಾವೇ ತೇವ ಹಿಡಿದು ಕೂತಿರುತ್ತವೆ. ಒಣಗಿಸಿದ ಚಾಲಿ ಅಡಿಕೆಯನ್ನು ಪ್ಲಾಸ್ಟಿಕ್ ಒಳಪದರದ ಚೀಲದಲ್ಲಿ ಬಿಗಿದು ಕಟ್ಟುವ ಊರಿನವರಿಗೆ ಈ ಮಾತು ಹೊಸದಲ್ಲ: ಒಣಗಿಸಿದರೆ ಸಾಲದು, ಹೊರಗಿನ ಗಾಳಿ ತಾಗದಂತೆ ಇಡಬೇಕು.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಣ ಕಾಗದ ಹಾಕಿ, ಮುಚ್ಚಿ, ನೀರಿನಲ್ಲಿ ಅದ್ದಿ ನೋಡಿ. ಕಾಗದ ನೆನೆದರೆ ಆ ಡಬ್ಬಿ ಬೇಡ. ಎರಡನೆಯದು, ಡಿಜಿಟಲ್ ತೇವಾಂಶ ಮಾಪಕ. ಅಗ್ಗದವು ಸುಳ್ಳು ಹೇಳುವುದುಂಟು. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಬೆರೆಸಿ, ಮಾಪಕದೊಂದಿಗೆ ಖಾಲಿ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು; ಎಷ್ಟು ಹೆಚ್ಚುಕಡಿಮೆ ಇದೆಯೋ ಅಷ್ಟನ್ನು ನೆನಪಿಟ್ಟುಕೊಳ್ಳಿ. ಬಳಿಕ ಉಪ್ಪು ತೆಗೆದು, ಡಬ್ಬಿ ಒರೆಸಿ, ಬ್ಯಾಟರಿ ಕಳಚಿದ ಕ್ಯಾಮೆರಾ, ಲೆನ್ಸುಗಳನ್ನು 100-200 ಗ್ರಾಂ ಕಿತ್ತಳೆ ಬಣ್ಣದ ಜೆಲ್ ಜತೆ ಇಡಿ. ಬ್ಯಾಗು, ಪಟ್ಟಿ, ಚರ್ಮದ ಕೇಸು ಹೊರಗೇ ಇರಲಿ. ತೇವಾಂಶ ಶೇ 40-50ರ ನಡುವೆ ನಿಲ್ಲಬೇಕು. ಶೇ 30ಕ್ಕಿಂತ ಇಳಿಸಬೇಡಿ, ರಬ್ಬರಿಗೆ ಅದು ಒಳ್ಳೆಯದಲ್ಲ. ಇಳಿದರೆ ಸ್ವಲ್ಪ ಜೆಲ್ ಹೊರತೆಗೆದರಾಯಿತು. ಮಾಪಕ ಶೇ 55 ದಾಟಿದಾಗ, ಜೆಲ್ ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ, ಇಲ್ಲವೇ ಸಣ್ಣ ಉರಿಯ ಬಾಣಲೆಯಲ್ಲಿ ಕೈಯಾಡಿಸುತ್ತ ಕಿತ್ತಳೆ ಬಣ್ಣ ಮರಳುವವರೆಗೆ ಹುರಿಯಿರಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಬಿಸಿ ಜೆಲ್ಲನ್ನು ಆರಲು ತೆರೆದಿಟ್ಟರೆ ಮತ್ತೆ ತೇವ ಕುಡಿಯುತ್ತದೆ. ಮುಚ್ಚಿದ ಸ್ಟೀಲ್ ಡಬ್ಬಿಯಲ್ಲೇ ಆರಿಸಿ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುವುದರಿಂದ ಮನೆಗೆ ತರದಿರುವುದೇ ಲೇಸು.

ವಿದ್ಯುತ್ ಚಾಲಿತ ಡ್ರೈ ಕ್ಯಾಬಿನೆಟ್ ಕೊಂಡರೆ ಈ ರಗಳೆ ಯಾಕೆ ಎಂದು ಕೇಳಬಹುದು. ಹತ್ತಾರು ಲೆನ್ಸ್ ಇರುವ ಸ್ಟುಡಿಯೋಗೆ ಅದು ಖಂಡಿತ ಬೇಕು. ಆದರೆ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದ ಹಳ್ಳಿಯಲ್ಲಿ ಅದಕ್ಕೂ ಜೆಲ್ಲಿನ ಬೆಂಬಲ ಬೇಕಾಗುತ್ತದೆ. ಕಪಾಟಿನಲ್ಲಿ ಬಲ್ಬು ಉರಿಸುವ ಹಳೆಯ ಪದ್ಧತಿ ತಪ್ಪಲ್ಲ, ಗಾಳಿ ಬಿಸಿಯಾದಾಗ ತೇವಾಂಶದ ಪ್ರಮಾಣ ಇಳಿಯುತ್ತದೆ. ಆದರೆ ಇಂದಿನ ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಹಳೆಯ ಬಲ್ಬು ಮರದ ಕಪಾಟಿನಲ್ಲಿ ಬೆಂಕಿಯ ಭಯ. ಅಕ್ಕಿಯಲ್ಲಿ ಹೂತಿಡುವುದು ವ್ಯರ್ಥ: ಅಕ್ಕಿಯಲ್ಲೇ ಶೇ 12-14ರಷ್ಟು ನೀರಿದೆ, ಮೇಲೆ ಹಿಟ್ಟಿನ ಧೂಳು. ನೀರು ನಿರೋಧಕ ಕ್ಯಾಮೆರಾ ಎಂಬ ಧೈರ್ಯವೂ ಬೇಡ. ಝೂಮ್ ಹಿಂದೆ ಮುಂದೆ ಮಾಡಿದಾಗಲೆಲ್ಲ ಲೆನ್ಸು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ.

ಉಂಚಳ್ಳಿ, ಸಾತೊಡ್ಡಿ ಜಲಪಾತಕ್ಕೆ ಹೋಗಿ ಬಂದ ದಿನ ಒದ್ದೆ ಕ್ಯಾಮೆರಾವನ್ನು ನೇರ ಡಬ್ಬಿಗೆ ಹಾಕಬೇಡಿ. ಒರೆಸಿ, ಫ್ಯಾನಿನಡಿ ಒಣಗಿಸಿ ಇಡಿ. ತಿಂಗಳಿಗೊಮ್ಮೆ ಲೆನ್ಸಿನ ಹಿಂಬದಿಯಿಂದ ಟಾರ್ಚ್ ಹಾಯಿಸಿ ನೋಡಿ. ಎಳೆ ಕಂಡರೆ ಬೇರೆಯಾಗಿಟ್ಟು, ನೀವೇ ಬಿಚ್ಚದೆ ರಿಪೇರಿಯವರಿಗೆ ಬೇಗ ಕೊಡಿ. ಲೇಪನ ಕೊರೆದ ಮೇಲೆ ಒರೆಸಿ ಪ್ರಯೋಜನವಿಲ್ಲ. ಡಬ್ಬಿ, ಮಾಪಕ, ಜೆಲ್ ಮೂರನ್ನೂ ಮೇ ತಿಂಗಳೊಳಗೆ ಸಿದ್ಧ ಮಾಡಿಕೊಳ್ಳಿ.