ಬೆಲ್ಟಿಗೆ 750, ರಾತ್ರಿಗೆ 9,200

ತೆರಕಣಾಂಬಿ ದಾಟಿ ಎರಡು ಮೂರು ಕಿಲೋಮೀಟರ್ ಆಗಿರಬೇಕು, ಬಾನೆಟ್ ಒಳಗಿಂದ ಚಟೀರೆಂದು ಸದ್ದು ಬಂತು. ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡಿತು. ನೋಡನೋಡುತ್ತ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಆಗ ಸಂಜೆ ನಾಲ್ಕು ಗಂಟೆ. ನನ್ನ ತಮ್ಮ ಗಾಡಿಯನ್ನು ಹುಣಸೆಮರದ ನೆರಳಿಗೆ ಇಳಿಸಿ ನಿಲ್ಲಿಸಿದ.

ಹನ್ನೊಂದು ದಿನದ ಪ್ರವಾಸದ ಎರಡನೇ ದಿನ ಅದು. ಬಿಳಿಗಿರಿರಂಗನ ಬೆಟ್ಟದಲ್ಲಿ ತಂಗಿ, ಚಾಮರಾಜನಗರದಲ್ಲಿ ಊಟ ಮುಗಿಸಿ, ಗುಂಡ್ಲುಪೇಟೆ, ಬಂಡೀಪುರದ ಮೇಲೆ ರಾತ್ರಿಗೆ ಊಟಿ ಸೇರಬೇಕಿತ್ತು. ಅಲ್ಲಿಂದ ಮುಂದೆ ಕೊಡೈಕೆನಾಲ್, ರಾಮೇಶ್ವರ, ಕನ್ಯಾಕುಮಾರಿ. ಗಾಡಿ ಅಣ್ಣತಮ್ಮ ಸೇರಿ ಕೊಂಡ ಹಳೇ ಟೆಂಪೊ ಟ್ರಾವೆಲರ್. ಹಿಂದಿನ ಸೀಟು ತೆಗೆಸಿ ಮಲಗಲು ಹಲಗೆ, ಅಡುಗೆಗೊಂದು ಕಟ್ಟೆ, ನೀರಿನ ಡ್ರಮ್ಮು ಹಾಕಿಸಿದ್ದೆವು. ಈ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಿದ್ದೆವು, ವಿಮಾ ಕಂಪನಿಗೂ ತಿಳಿಸಿದ್ದೆವು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇದಕ್ಕೆ. ಅದನ್ನು ಕಡೆಗಣಿಸಿದರೆ ಅಪಘಾತವಾದ ದಿನ ಕ್ಲೇಮಿಗೆ ತಕರಾರು ತೆಗೆಯಲು ಕಂಪನಿಗೆ ದಾರಿ ಸಿಕ್ಕಂತೆ.

ಮೊದಲು ಫೋನ್ ಮಾಡಿದ್ದು ವಿಮೆಯ ಜೊತೆ ಕೊಂಡಿದ್ದ ರಸ್ತೆ ಸಹಾಯ ಸೇವೆಗೆ. ಇಲ್ಲೊಂದು ಮಾತು ಹೇಳಲೇಬೇಕು. ಗಾಡಿಯ ಸಾಮಾನ್ಯ ವಿಮೆ ಅಪಘಾತಕ್ಕೆ, ಕಳವಿಗೆ, ಬೆಂಕಿಗೆ, ನೆರೆಗೆ. ಯಂತ್ರ ತಾನಾಗಿ ಕೆಟ್ಟರೆ, ಸವೆದು ಮುರಿದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಟೈರು ಒಂದೇ ಹೋದರೂ ಅಷ್ಟೇ. ರಸ್ತೆ ಸಹಾಯವನ್ನು ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ಆಗಲೂ ಸಿಗುವುದು ಗಾಡಿ ಎಳೆಯುವುದು, ಪಂಕ್ಚರ್, ಬ್ಯಾಟರಿಗೆ ಜೀವ ಕೊಡುವುದು, ಇಂಥ ಸೇವೆ. ಪಾರ್ಟಿನ ದುಡ್ಡು ನಮ್ಮದೇ. ಎಷ್ಟು ಕಿಲೋಮೀಟರ್ ಪುಕ್ಕಟೆ, ಎಲ್ಲಿಗೆ ಎಳೆಯುತ್ತಾರೆ ಎಂಬುದನ್ನು ನಾನು ಹುಣಸೆಮರದ ಕೆಳಗೆ ನಿಂತು ಓದಿದೆ. ಮನೆಯಲ್ಲೇ ಓದಬೇಕಿತ್ತು. ಮೈಸೂರಿನಿಂದ ಗಾಡಿ ಬರಲು ಎರಡೂವರೆ ಗಂಟೆ, ಎಳೆದೊಯ್ಯುವುದು ಮೈಸೂರಿನ ವರ್ಕ್‌ಶಾಪಿಗೇ, ಮರುದಿನ ಭಾನುವಾರ ಅದು ತೆರೆಯುವುದಿಲ್ಲ ಎಂದರು. ನಾವು ಹೊರಟಿದ್ದು ತೆಂಕಣಕ್ಕೆ, ಗಾಡಿ ಹೋಗುವುದು ಬಡಗಣಕ್ಕೆ. ಬೇಡವೆಂದೆ.

ಪಕ್ಕದ ಅರಿಶಿನದ ಹೊಲದವರು ಗುಂಡ್ಲುಪೇಟೆಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಹಚ್ಚಿಕೊಟ್ಟರು. ಅವರು ಬೈಕಿನಲ್ಲಿ ಬಂದು, ಬಾನೆಟ್ ಎತ್ತಿ, ಫ್ಯಾನಿಗೆ ಕೈಯಿಟ್ಟು ಅಲ್ಲಾಡಿಸಿದರು.

‘ವಾಟರ್ ಪಂಪಿನ ಬೇರಿಂಗ್ ಹಿಡ್ಕಬುಟ್ಟದೆ ಕನಣ್ಣ, ಅದಕ್ಕೇ ಬೆಲ್ಟ್ ಕಿತ್ತೋಗದೆ. ಸದ್ಯ, ಓಡಿಸ್ನಿಲ್ವಲ್ಲ. ಹಂಗೇ ಬಂದಿದ್ರೆ ಹೆಡ್ಡೇ ಹೋಗದು.’

ಹೆಡ್ ಬಿಚ್ಚುವ ಕೆಲಸವಾದರೆ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲ ಎಂದರು. ‘ಇನ್ನೇನು ಗುಂಡ್ಲುಪೇಟೆ ಬಂತು’ ಎಂದು ಹತ್ತು ಕಿಲೋಮೀಟರ್ ತಳ್ಳಿಬಿಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ, ನಮಗೂ ಹುಟ್ಟಿತ್ತು. ಆ ದಿನ ನಾವು ಉಳಿಸಿದ ದೊಡ್ಡ ದುಡ್ಡು ಗಾಡಿ ನಿಲ್ಲಿಸಿದ ಆ ಒಂದು ನಿಮಿಷದ್ದು.

ಟ್ರ್ಯಾಕ್ಟರಿಗೆ ಕಟ್ಟಿ ಶೆಡ್ಡಿಗೆ ಎಳೆಸಿದೆವು. ನಮ್ಮದು ಹಳೇ ಡೀಸೆಲ್ ಎಂಜಿನ್, ಸಣ್ಣ ಊರಿನ ಮೆಕ್ಯಾನಿಕ್‌ಗೂ ಅಂಗೈ ಗೆರೆಯಷ್ಟೇ ಪರಿಚಿತ, ಹಾಗಾಗಿ ಈ ನಿರ್ಧಾರ ಸರಿಹೋಯಿತು. 2020ರ ನಂತರದ ಬಿಎಸ್6 ಗಾಡಿ, ಮೈತುಂಬ ಸೆನ್ಸರ್ ಇರುವುದು, ಕೆಟ್ಟಿದ್ದರೆ ನಾನೂ ಮೈಸೂರಿಗೇ ಕಳಿಸುತ್ತಿದ್ದೆ. ಬೆಲ್ಟು ಊರಲ್ಲೇ ಸಿಕ್ಕಿತು. ಪಂಪು ಮೈಸೂರಿನ ಅಂಗಡಿಯವರು ಬಸ್ಸಿಗೆ ಹಾಕಿ ಕಳಿಸಿದರು, ಕೈಸೇರುವಾಗ ರಾತ್ರಿ ಎಂಟು. ಬಂಡೀಪುರದ ಗೇಟು ಮುಚ್ಚುವುದು ಒಂಬತ್ತಕ್ಕೆ, ತೆರೆಯುವುದು ಬೆಳಿಗ್ಗೆ ಆರಕ್ಕೆ. 2009ರಿಂದ ಇರುವ ಈ ರಾತ್ರಿ ನಿಷೇಧ ಸರಿಯೆಂದೇ ನಂಬುವವನು ನಾನು. ಆನೆ, ಜಿಂಕೆಗಳಿಗೆ ಅಷ್ಟು ಹೊತ್ತಾದರೂ ರಸ್ತೆ ಬೇಕು. ಆದರೆ ಈ ಗೇಟಿನಿಂದಾಗಿ ಗುಂಡ್ಲುಪೇಟೆಯಲ್ಲಿ ನಾಲ್ಕು ತಾಸಿನ ರಿಪೇರಿಯೆಂದರೆ ಒಂದಿಡೀ ರಾತ್ರಿ ಎಂಬ ಲೆಕ್ಕವನ್ನು ಹೊರಡುವ ಮೊದಲು ಹಾಕಿರಲಿಲ್ಲ.

ಗಾಡಿ ಬಿಚ್ಚಿ ಹಾಕಿದ್ದ ಶೆಡ್ಡಿನಲ್ಲಿ ಅವ್ವನನ್ನೂ ಮಕ್ಕಳನ್ನೂ ಮಲಗಿಸುವಂತಿರಲಿಲ್ಲ. ಲಾಡ್ಜಿನಲ್ಲಿ ಎರಡು ರೂಮು ಹಿಡಿದೆವು. ಅಂದು ರಾತ್ರಿ ಡೈರಿಯಲ್ಲಿ ಬರೆದ ಲೆಕ್ಕ ಈಗಲೂ ಇದೆ. ಪಂಪು 3,400, ಬೆಲ್ಟು 750, ಕೂಲಂಟ್ 1,100, ಮೆಕ್ಯಾನಿಕ್ ಕೂಲಿ 1,500, ಒಟ್ಟು 6,750. ಅದರ ಕೆಳಗೆ ಇನ್ನೊಂದು ಪಟ್ಟಿ: ಟ್ರ್ಯಾಕ್ಟರ್ 800, ರೂಮು 2,400, ಊಟ 1,000, ಊಟಿಯಲ್ಲಿ ಕಟ್ಟಿ ಕಳೆದುಕೊಂಡ ಮುಂಗಡ 5,000. ಒಟ್ಟು 9,200. ಗಾಡಿಗೆ ಆದದ್ದಕ್ಕಿಂತ ಹೊತ್ತಿಗೆ ಆದ ಖರ್ಚೇ ಹೆಚ್ಚು. ಮುಂಗಡ ವಾಪಸಾಗದ ರೂಮನ್ನು ನೂರಿನ್ನೂರು ಅಗ್ಗವೆಂದು ನಾನೇ ಆರಿಸಿದ್ದೆ. ಹೊರಡುವ ತಿಂಗಳ ಹಿಂದೆ ಸರ್ವಿಸ್ ಮಾಡಿದವರು ಪಂಪು ಸ್ವಲ್ಪ ಸದ್ದು ಮಾಡುತ್ತಿದೆ ಎಂದಾಗ, ಬಂದ ಮೇಲೆ ನೋಡೋಣ ಎಂದವನೂ ನಾನೇ. ಊರಲ್ಲೇ ಹಾಕಿಸಿದ್ದರೆ ಮೊದಲಿನ ಪಟ್ಟಿಯಷ್ಟರಲ್ಲೇ ಮುಗಿಯುತ್ತಿತ್ತು. ಇದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಆ ರಾತ್ರಿ ಕೈ ಹಿಡಿದದ್ದು ಪ್ರವಾಸದ ಖರ್ಚಿಗೆ ಸೇರಿಸದೆ ಬೇರೆ ಲಕೋಟೆಯಲ್ಲಿಟ್ಟಿದ್ದ 20,000 ರೂಪಾಯಿ ನಗದು. ಟ್ರ್ಯಾಕ್ಟರಿನವರು, ಮೆಕ್ಯಾನಿಕ್ ಇಬ್ಬರೂ ನಗದನ್ನೇ ಕೇಳಿದರು. ಆ ಲಕೋಟೆ ಇಲ್ಲದಿದ್ದರೆ ಅಡಚಣೆ ಎಂದುಕೊಂಡು ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆಯುತ್ತಿದ್ದೆ. ಅದಕ್ಕೆ ಶುಲ್ಕವೂ ಉಂಟು, ತೆಗೆದ ದಿನದಿಂದಲೇ ಬಡ್ಡಿಯೂ ಉಂಟು. ಈಗ ಆ ಮೊತ್ತವನ್ನು 25,000ಕ್ಕೆ ಏರಿಸಿದ್ದೇನೆ. ಖರ್ಚಾಗದೆ ವಾಪಸು ಬಂದರೆ ಮುಂದಿನ ಪ್ರವಾಸಕ್ಕೆ ಅದೇ ಲಕೋಟೆ. ಕಾಡು ದಾಟುವ ದಿನ ಮಧ್ಯಾಹ್ನ ಎರಡಕ್ಕೆಲ್ಲ ಗುಂಡ್ಲುಪೇಟೆ ಬಿಡುವಂತೆ ಹೊರಡುತ್ತೇವೆ. ಕೆಟ್ಟರೂ ಬೆಳಕಿನಲ್ಲಿ, ಊರಿನ ಹತ್ತಿರ ಕೆಡಲಿ. ಗೇಟಿನ ಆಚೆ, ಆನೆ ಓಡಾಡುವ ಕಡೆ ಕೆಟ್ಟರೆ ಕೆಳಗಿಳಿದು ಬಾನೆಟ್ ಎತ್ತುವುದೂ ಅಪಾಯ. ರಾಷ್ಟ್ರೀಯ ಹೆದ್ದಾರಿಯ 1033 ನಂಬರನ್ನು ಕಾಗದದ ಮೇಲೆ ಬರೆದು ಅಂಟಿಸಿದ್ದೇವೆ, ಫೋನಿನ ಚಾರ್ಜು ಯಾವಾಗಲೂ ಇರುತ್ತದೆಂದು ನಂಬುವಂತಿಲ್ಲ.

ಬರುವ ಶನಿವಾರ ಮತ್ತೆ ಹೊರಡುತ್ತಿದ್ದೇವೆ, ಅದೇ ದಾರಿ. ಮೊನ್ನೆ ಬೆಲ್ಟು ಬದಲಾಯಿಸಿದೆ. ಹಳೆಯದು ಇನ್ನೂ ಗಟ್ಟಿಯಾಗಿಯೇ ಇತ್ತು. ಅದನ್ನೂ, ಅದನ್ನು ಬಿಚ್ಚಿ ಹಾಕಲು ಬೇಕಾದ ಎರಡು ಸ್ಪ್ಯಾನರನ್ನೂ ಬಟ್ಟೆಯಲ್ಲಿ ಸುತ್ತಿ ಸ್ಟೆಪ್ನಿಯ ಪಕ್ಕ ಕಟ್ಟಿಟ್ಟಿದ್ದೇನೆ.